ಕಿವಿಯಿರುವ ನೆಲ

ನಮ್ಮ ಮನೆಯ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಶನಿವಾರ ಬೆಳಿಗ್ಗೆ

ನನ್ನ ಮನೆಯ ಮಹಾರಾಣಿಗೆ, ರಾಜ್ಯವಿದ್ದೂ ಅಡುಗೆ ಬಾರದ ರಾಜ ಬರೆಯುವುದು,

ಮೊದಲು ನಿನ್ನ ಮೊಣಕಾಲಿನ ಸಮಾಚಾರ ಹೇಳು. ದೊಡ್ಡವಳ ಮನೆಯ ಮೆಟ್ಟಿಲು ಏಣಿಯ ಹಾಗೆ ನೆಟ್ಟಗಿದೆ ಎಂದಿದ್ದೆ. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ ಎಂದು ವೈದ್ಯರು ಹೇಳಿದ್ದನ್ನು ಮರೆಯಬೇಡ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಸೀಸೆ ಕಿಟಕಿಯಲ್ಲಿ ಅಲಂಕಾರಕ್ಕೆ ನಿಂತಿದೆಯೋ? ಬಾಣಂತಿ ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ಮೊಮ್ಮಗಳು ಯಾರ ಮೂಗು ಹೊತ್ತು ಬಂದಿದ್ದಾಳೆ? ನನ್ನದಾಗಿದ್ದರೆ ಅವಳ ಬಳಿ ನನ್ನ ಪರವಾಗಿ ಕ್ಷಮೆ ಕೇಳು. ಇಲ್ಲಿ ನಾನು ಗಟ್ಟಿ, ಗಂಟಲು ನನಗಿಂತ ಗಟ್ಟಿ. ಅದೇ ಈಗ ತೊಂದರೆಗೆ ಬಂದಿರುವುದು. ಫೋನ್ ಮಾಡಿದಾಗಲೆಲ್ಲ "ರೀ, ಮೆಲ್ಲಗೆ, ಮಗು ಏಳುತ್ತೆ" ಎಂದು ಎರಡೇ ಮಾತಿಗೆ ಇಟ್ಟುಬಿಡುತ್ತೀ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ತೂಕಡಿಸುವವನನ್ನೂ ಎಬ್ಬಿಸಿ ಕೂರಿಸುತ್ತಿದ್ದ ಗಂಟಲಿದು. ಈ ವಯಸ್ಸಿನಲ್ಲಿ ಪಿಸುಗುಟ್ಟು ಎಂದರೆ ಆನೆಗೆ ಸೂಜಿಯಲ್ಲಿ ದಾರ ಪೋಣಿಸು ಎಂದ ಹಾಗೆ. ಆದ್ದರಿಂದ ಕಾಗದ ಹಿಡಿದಿದ್ದೇನೆ. ಕಾಗದಕ್ಕೆ ಗಂಟಲಿಲ್ಲ. ನೀನು ಓದು, ಮಗು ಮಲಗಿರಲಿ.

ಹಿಂದಿನ ಕೋಣೆಯಿಂದ ಎಂದು ಬರೆದದ್ದನ್ನು ಓದಿ ಹುಬ್ಬು ಏರಿಸಿರುತ್ತೀ. ಆ ಕೋಣೆಯಲ್ಲಿ ಬೆಕ್ಕಿಗೂ ಕೂರಲು ಜಾಗವಿರಲಿಲ್ಲವಲ್ಲ ಎಂದು. ಅದಕ್ಕೂ ಬರುತ್ತೇನೆ. ಅಂಗಳದಲ್ಲಿ ಗರಗಸ ಆಡುತ್ತಿರುವ ಸದ್ದು ಕೇಳುತ್ತಿದೆ, ಅದಕ್ಕೂ ಬರುತ್ತೇನೆ. ಮೊದಲ ಅಂಕದಲ್ಲೇ ಎಲ್ಲ ಪರದೆ ಎತ್ತಿದರೆ ಪ್ರೇಕ್ಷಕರು ಮನೆಗೆ ಹೋಗುತ್ತಾರೆ.

ಈಗ ನಿನ್ನ ಕೋರಿಕೆಯ ವಿಚಾರ. ಮೆಣಸಿಯನ್ನು ನನ್ನ ಹತ್ತಿರ ಕಳಿಸಿಬಿಡಿ, ತರಬೇತಿ ಮುಗಿದರೆ ಮುಗಿಯಿತು, ಇಲ್ಲಿದ್ದು ಅಕ್ಕನ ಮಗು ನೋಡಿಕೊಳ್ಳಲಿ ಎಂದು ಹೇಳಿ ಕಳಿಸಿದ್ದೀ. ಒಂದು ಸಲವಲ್ಲ, ಮತ್ತೆ ಮತ್ತೆ. ಹೊರಡುವ ದಿನ ಬಾಗಿಲಲ್ಲಿ ನಿಂತು ನೀನು ಆಡಿದ ಮಾತೂ ನೆನಪಿದೆ: "ಕಿವಿ ಕೇಳದ ಹುಡುಗಿ ಕೈಗೆ ಗರಗಸ ಕೊಟ್ಟು ನಾನು ಅಲ್ಲಿ ಹೇಗೆ ನಿದ್ದೆ ಮಾಡಲಿ?" ಆಗ ನಾನು ಉತ್ತರ ಕೊಡಲಿಲ್ಲ. ಈ ಪತ್ರವೇ ಉತ್ತರ. ಕಳಿಸುತ್ತೇನೋ ಇಲ್ಲವೋ ಎಂದು ಕೊನೆಯ ಪುಟ ತಿರುವಿ ನೋಡಬೇಡ. ಇಪ್ಪತ್ತು ವರ್ಷ ನನ್ನ ಎದುರು ರಾಣಿಯ ಪಾತ್ರ ಮಾಡಿದವಳು ನೀನು, ಕ್ರಮದಲ್ಲಿ ಬರಬೇಕು.

ನೀನು ಆ ತರಬೇತಿ ಕೇಂದ್ರದ ಒಳಗೆ ಕಾಲಿಟ್ಟವಳಲ್ಲ. ಅವಳನ್ನು ಬಾಗಿಲ ತನಕ ಬಿಟ್ಟು, ಮುಖ ತಿರುಗಿಸಿಕೊಂಡು ಬರುತ್ತಿದ್ದೆ. ನಾನು ಹೋಗಿದ್ದೇನೆ. ಹಳೆಯ ಧಾನ್ಯದ ಮಳಿಗೆಯ ಮಹಡಿ ಅದು. ಉದ್ದಕ್ಕೂ ಮರದ ನೆಲ. ಬೆಳಕು ಬೀಳುವ ಕಡೆ ಸಾಲಾಗಿ ಕೆಲಸದ ಮೇಜುಗಳು, ಮೂಲೆಯಲ್ಲಿ ಅಂಟು ಕಾಯಿಸುವ ಒಲೆ, ಎಲ್ಲರ ರೆಪ್ಪೆಯ ಮೇಲೂ ಮರದ ಪುಡಿ. ಅಲ್ಲಿರುವವರೆಲ್ಲ ನಮ್ಮ ಮೆಣಸಿಯ ಹಾಗೆ ಕಿವಿ ಕೇಳದ ಹೆಣ್ಣುಮಕ್ಕಳು. ಕಲಿಸುವವಳಿಗೂ ಕೇಳುವುದಿಲ್ಲ; ಸದಾ ಕಿವಿಯ ಹಿಂದೆ ಪೆನ್ಸಿಲ್, ಕೈಯಲ್ಲಿ ಉಳಿ, ಹಾಗಾಗಿ ನಾನವಳನ್ನು ಉಳಿ ಟೀಚರ್ ಎನ್ನುತ್ತೇನೆ. ಕುರ್ಚಿ, ಸ್ಟೂಲು, ಕಪಾಟು ಮಾಡಲು ಕಲಿಸುತ್ತಾಳೆ. ಯಾರ ಮುಂದೆಯೂ ಕೈಚಾಚದೆ ತಮ್ಮ ಅನ್ನ ತಾವು ದುಡಿಯಬೇಕು ಎಂಬುದೊಂದೇ ಅಲ್ಲಿನ ಪಾಠ, ಉಳಿದದ್ದೆಲ್ಲ ಅಭ್ಯಾಸ.

ಅಲ್ಲಿ ಕರೆಯುವುದು ಹೇಗೆ ಗೊತ್ತೇ? ಕಾಲಿನಿಂದ. ಒಂದು ಸಲ ನೆಲ ತುಳಿದರೆ, ಇತ್ತ ನೋಡು. ಎರಡು ಸಲ, ಇಲ್ಲಿ ಬಾ. ಬಿಡದೆ ದಡದಡ ತುಳಿದರೆ, ಎಲ್ಲರೂ ಇದ್ದಲ್ಲೇ ಕೈ ಎತ್ತಬೇಕು, ಉಳಿ ಗರಗಸ ಯಾವುದನ್ನೂ ಮುಟ್ಟಬಾರದು. ಹಲಗೆ ನಡುಗಿ ಅಂಗಾಲಿಗೆ ಸುದ್ದಿ ಮುಟ್ಟುತ್ತದೆ. ಕಿವಿ ಕೇಳುವ ಹತ್ತು ಜನರನ್ನು ಕೂಗಿದರೆ ಮೂವರು ತಿರುಗುತ್ತಾರೆ, ಅಲ್ಲಿ ಒಮ್ಮೆ ತುಳಿದರೆ ಹತ್ತೂ ಜನ. ನನಗೆ ನಮ್ಮ ಕಂಪನಿಯ ನಾಟಕದ ತಾಲೀಮು ನೆನಪಾಯಿತು.

ಅಲ್ಲಿ ಎಲ್ಲರಿಗೂ ಒಂದೊಂದು ಸನ್ನೆಯ ಹೆಸರಿದೆ. ನನಗೆ ಇಟ್ಟದ್ದು ಕೇಳು: ಬಾಯಿಯ ಮುಂದೆ ಐದೂ ಬೆರಳು ಮಡಚಿ ಥಟ್ಟನೆ ಬಿಡಿಸುವುದು. ಕೇಳದವರಿಗೂ ನನ್ನ ಬಾಯಿಯ ಕೀರ್ತಿ ಮುಟ್ಟಿದೆ. ಮನೆಯ ಸನ್ನೆ ಗೊತ್ತು, ಅಲ್ಲಿನದನ್ನೂ ಕಲಿಯುತ್ತೇನೆಂದು ಎರಡು ಕೈ ಬೀಸಿದೆ. ಮೇಜಿನ ಮೇಲಿದ್ದ ವಾರ್ನಿಷ್ ಡಬ್ಬಿ ಉರುಳಿತು. "ಅಪ್ಪನ ಕೈ ಕೂಡ ಕೂಗುತ್ತೆ" ಎಂದಳು ನಿನ್ನ ಮಗಳು, ಬೆರಳಲ್ಲೇ. ಮಹಡಿಯಿಡೀ ನಕ್ಕಿತು.

ಹೋದ ತಿಂಗಳು ಅಲ್ಲಿಗೆ ಒಬ್ಬ ಕುರ್ಚಿ ತಯಾರಿಸುವ ಯಜಮಾನರು ಬಂದರು. ಊರಾಚೆ ದೊಡ್ಡ ಶೆಡ್ಡು, ಕೈಕೆಳಗೆ ಒಂದಷ್ಟು ಕೆಲಸಗಾರರು. ಎಲ್ಲರ ಕೆಲಸ ನೋಡಿ, ಮೆಣಸಿಯನ್ನೂ ಅವಳ ಪಕ್ಕದ ಮೇಜಿನ ಬಿದಿರಮ್ಮನನ್ನೂ ಆರಿಸಿದರು. ಬಿದಿರಮ್ಮ ಹೆಸರಿಗೆ ತಕ್ಕ ಉದ್ದ, ಗಂಡನಿಲ್ಲದವಳು, ಇಬ್ಬರು ಮಕ್ಕಳ ತಾಯಿ. ಒಂದು ವಾರ ನೋಡುತ್ತೇನೆ, ಹೊಂದಿದರೆ ಕೆಲಸ ಖಾಯಂ, ಮುಂದೆಯೂ ಇಲ್ಲಿಂದಲೇ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತೇನೆ ಎಂದರು. ಅಂದರೆ ಇಬ್ಬರ ಹೆಗಲ ಮೇಲೆ ಇಡೀ ಮಹಡಿಯ ಅನ್ನ. "ಒಂದು ಅನುಕೂಲ ಇದೆ, ಇವರು ಹರಟೆ ಹೊಡೆಯಲ್ಲ" ಎಂದು ನನ್ನತ್ತ ನೋಡಿ ನಕ್ಕರು ಯಜಮಾನರು. ಪಾಪ, ಅವರಿಗೇನು ಗೊತ್ತು. ಆ ಇಬ್ಬರೂ ಮಾತಿಗೆ ಇಳಿದರೆಂದರೆ ಕೈಯಲ್ಲಿರುವ ಸುತ್ತಿಗೆಯನ್ನು ಕೆಳಗಿಡಬೇಕು, ಅಷ್ಟು ಮಾತು.

ಮೂರು ದಿನ ಎಲ್ಲ ಸರಿಯಾಗಿತ್ತು. ನಾಲ್ಕನೆಯ ದಿನ, ಸಂಜೆಯಾಗುವ ಮೊದಲೇ ಮೆಣಸಿ ಮನೆಗೆ ಬಂದಳು. ಎಡಗಾಲು ಎಳೆಯುತ್ತಾ ಬಂದಳು. ಅಂಗೈ ಅಂಟಿನಿಂದ ಗಟ್ಟಿಯಾಗಿತ್ತು. ಯಾರೋ ಕಾಲು ತುಳಿದಿದ್ದಾರೆಂದು ನಾನು ರಂಗದ ಮಧ್ಯಕ್ಕೆ ಬಂದೆ. ಯಾರು ಆ ಪಾಪಿ, ಹೆಸರು ಹೇಳು ಎಂದೆ. ಅವಳು ಕುಳಿತು, ಹಿಮ್ಮಡಿಯನ್ನು ಕೈಯಲ್ಲಿ ಹಿಡಿದುಕೊಂಡು, ನಾನು ಗರ್ಜಿಸಿ ಮುಗಿಸಲಿ ಎಂದು ಕಾದಳು. ಮುಗಿದ ಮೇಲೆ ಬೆರಳಾಡಿಸಿದಳು.

ನಡೆದದ್ದು ಇಷ್ಟು. ಮಿಕ್ಕ ಕೆಲಸಗಾರರು ಹೊರಗೆ ಗಾಡಿಗೆ ಕುರ್ಚಿ ಏರಿಸುತ್ತಿದ್ದರು. ಬಿದಿರಮ್ಮ ಕುರ್ಚಿಯ ಕಾಲು ಕಡೆಯುವ ಯಂತ್ರದ ಮುಂದಿದ್ದಳು. ಕೆಳಗೆ ಬಿದ್ದ ತುಂಡು ಎತ್ತಲು ಬಗ್ಗಿದಳು. ಬೆನ್ನಿನ ಏಪ್ರನ್ ದಾರ ಬಿಚ್ಚಿಹೋಗಿ ತಿರುಗುವ ಬೆಲ್ಟಿನ ಕಡೆಗೆ ತೂಗುತ್ತಿತ್ತು. ಮೆಣಸಿ ಶೆಡ್ಡಿನ ಈ ತುದಿಯಲ್ಲಿ, ಅಂಟಿನ ಬಟ್ಟಲು ಹಿಡಿದು ನಿಂತಿದ್ದಳು. ನಡುವೆ ಹೊಸದಾಗಿ ಪಾಲಿಶ್ ಮಾಡಿದ ಕುರ್ಚಿಗಳ ಸಾಲು. ನೋಡಿದವಳೇ ದಡದಡ ನೆಲ ತುಳಿದಳು. ಬಿದಿರಮ್ಮ ತಿರುಗಲಿಲ್ಲ. ಮತ್ತೆ ತುಳಿದಳು, ಇದ್ದ ಬಲವನ್ನೆಲ್ಲ ಹಿಮ್ಮಡಿಗೆ ಹಾಕಿ ತುಳಿದಳು. ಇಲ್ಲ. ಮಹಡಿಯ ಅಭ್ಯಾಸ ನೋಡು, ಕಾಲು ತಾನಾಗಿಯೇ ಕೆಲಸ ಮಾಡಿತು. ಆದರೆ ಆ ಶೆಡ್ಡಿನ ನೆಲ ಸಿಮೆಂಟು. ಕೊನೆಗೆ ಕೈಯಲ್ಲಿದ್ದ ಬಟ್ಟಲನ್ನೇ ಬೀಸಿ ಎಸೆದಳು. ಅದು ಬಿದಿರಮ್ಮನ ಹೆಗಲಿಗೆ ಬಡಿಯಿತು, ಅವಳು ಬೆಚ್ಚಿ ಹಿಂದೆ ಸರಿದಳು, ದಾರ ಬೆಲ್ಟಿನಿಂದ ದೂರವಾಯಿತು. ಅಂಟು ಮಾತ್ರ ಸಾಲು ಕುರ್ಚಿಗಳ ಮೇಲೆ ಹೂವಿನ ಹಾಗೆ ಎರಚಿಕೊಂಡಿತು. ಯಜಮಾನರು ಒಳಗೆ ಕಾಲಿಟ್ಟದ್ದು ಆ ಕ್ಷಣಕ್ಕೆ. ಅವರು ಕಂಡದ್ದು ಹಾರಿ ಹೋದ ಬಟ್ಟಲು, ಹಾಳಾದ ಕುರ್ಚಿ. ಇಬ್ಬರೂ ಜಗಳವಾಡಿದ್ದಾರೆಂದು ತಿಳಿದು ಬಾಗಿಲು ತೋರಿಸಿದರು.

ಇದನ್ನೆಲ್ಲ ಹೇಳಿ ಮೆಣಸಿ ಕಡೆಯಲ್ಲಿ ಒಂದು ಮಾತು ಅಂದಳು. ದೂರಲ್ಲ, ಅಳುವಲ್ಲ, ಮಳೆ ಬರುತ್ತಿದೆ ಎಂದು ತಿಳಿಸುವಂತೆ ತಣ್ಣಗೆ ಅಂದಳು.

"ಅಪ್ಪಾ, ಆ ನೆಲಕ್ಕೆ ಕಿವಿ ಇಲ್ಲ."

ನನಗೆ ಏನು ನೆನಪಾಗಿರಬೇಕು ಎಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಅವಳ ತೊಟ್ಟಿಲು ಇದ್ದದ್ದು ರಂಗದ ಪಕ್ಕದ ಪರದೆಯ ಹಿಂದೆ, ಅದೇ ಹಲಗೆಗಳ ಮೇಲೆ. ನಾನು ರಾಕ್ಷಸನಾಗಿ ಕಾಲು ಅಪ್ಪಳಿಸಿದರೆ ಕೂಸು ಬೆಚ್ಚಿ ಕಣ್ಣು ಬಿಡುತ್ತಿತ್ತು. ನೀನು ಪಾತ್ರ ಮುಗಿಸಿ ಪರದೆ ಸರಿಸುವ ಮೊದಲೇ ನಿನ್ನ ಕಡೆ ತಲೆ ತಿರುಗಿಸುತ್ತಿತ್ತು. ಕಂಪನಿಯವರೆಲ್ಲ ಇವಳದು ಹಾವಿನ ಕಿವಿ, ಇರುವೆ ಕೆಮ್ಮಿದರೂ ಕೇಳುತ್ತದೆ ಎನ್ನುತ್ತಿದ್ದರು. ನಾವೂ ಬೀಗಿದೆವು. ಕಂಪನಿ ಮುಚ್ಚಿ ಈ ಮನೆಗೆ ಬಂದು, ತೊಟ್ಟಿಲನ್ನು ಕಲ್ಲಿನ ನೆಲದ ಮೇಲೆ ಇಟ್ಟ ಮೇಲಲ್ಲವೇ, ನೀನು ಬಂದರೂ ಅವಳು ತಿರುಗದೆ ಹೋದದ್ದು? ಬೇರೆ ಯಾರ ಮನೆಯಲ್ಲೂ ಆಗದ ತಪ್ಪು ನಮ್ಮಲ್ಲಿ ಆಯಿತು. ನಮ್ಮ ಮಗಳಿಗೆ ಕೇಳಿಸುತ್ತದೆ ಎಂದುಕೊಂಡೆವು, ಕೇಳಿಸುತ್ತಿದ್ದುದು ಹಲಗೆಗೆ.

ಮರುದಿನ ಯಜಮಾನರ ಮುಂದೆ ಹೋಗಿ ನಿಂತೆ. ಹೊಟ್ಟೆಯಿಂದ ಉಸಿರು ತೆಗೆದು ಆರಂಭಿಸಿದೆ. ನ್ಯಾಯ ಅಂದೆ, ಅನ್ಯಾಯ ಅಂದೆ, ಪ್ರಾಣ ಉಳಿಸಿದ ಕೈಗೆ ಇದೇನಾ ಬಹುಮಾನ ಅಂದೆ. ಶೆಡ್ಡಿನ ತಗಡು ನಡುಗಿತು. ಯಜಮಾನರು ಕುರ್ಚಿಯ ಮೇಲಿನ ಅಂಟು ಕೆರೆಯುತ್ತಾ ಕುಳಿತಿದ್ದರು, ತಲೆ ಎತ್ತಲಿಲ್ಲ.

"ಸ್ವಾಮೀ, ನಿಮ್ಮ ಗಂಟಲಿಗೆ ಕೆಲಸ ಕೊಡೋದಾಗಿದ್ರೆ ನಿನ್ನೇನೇ ಕೊಡ್ತಿದ್ದೆ" ಎಂದರು.

ಕೆಟ್ಟ ಮನುಷ್ಯರಲ್ಲ. ಪ್ರಾಣ ಹೋಗುವ ಗಳಿಗೆಯಲ್ಲಿ ಕರೆದರೆ ತಿರುಗದವರನ್ನು ಯಂತ್ರದ ಮುಂದೆ ಹೇಗೆ ನಿಲ್ಲಿಸಲಿ, ಆ ಮಕ್ಕಳ ತಾಯಿಗೆ ಏನಾದರೂ ಆಗಿದ್ದರೆ ನಾನು ಯಾರಿಗೆ ಮುಖ ತೋರಿಸಲಿ ಎಂದು ಕೇಳಿದರು. ನಿನ್ನ ಪ್ರಶ್ನೆಯೇ ಅಲ್ಲವೇ ಅದು? ಅಷ್ಟರಲ್ಲಿ ಯಾರೋ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಮೆಣಸಿ. ಕುಂಟುತ್ತಾ ನನ್ನ ಬೆನ್ನ ಹಿಂದೆಯೇ ಬಂದಿದ್ದಾಳೆ. ಸುಮ್ಮನಿರು ಎಂದು ನನ್ನ ತುಟಿಯ ಮೇಲೆ ಬೆರಳಿಟ್ಟಳು. ಅರಸನ ಬಾಯಿಗೆ ಬೆರಳು. ಗೋಡೆಗೆ ಒರಗಿಸಿದ್ದ ಉದ್ದನೆಯ ಹಲಗೆಯೊಂದನ್ನು ತಂದು ಎರಡು ಮೇಜುಗಳ ನಡುವೆ ನೆಲಕ್ಕೆ ಹಾಸಿದಳು. ಯಜಮಾನರಿಗೆ ಚಪ್ಪಲಿ ಬಿಡುವಂತೆ ತೋರಿಸಿ, ಒಂದು ತುದಿಯಲ್ಲಿ ಬೆನ್ನು ಮಾಡಿ ನಿಲ್ಲಿಸಿದಳು. ಕಿವಿಗೆ ತುರುಕಿಕೊಳ್ಳಲು ಪಾಲಿಶ್ ಮಾಡುವ ಹತ್ತಿಯ ಉಂಡೆ ಕೊಟ್ಟಳು. ತಾನು ಇನ್ನೊಂದು ತುದಿಗೆ ಹೋಗಿ, ನೋವಿಲ್ಲದ ಕಾಲಿನಿಂದ ತುಳಿದಳು.

ಯಜಮಾನರು ಗಿರ್ರನೆ ತಿರುಗಿದರು. ಮತ್ತೆ ಬೆನ್ನು ಮಾಡಿ ನಿಂತರು, ಅವಳು ಮತ್ತೆ ತುಳಿದಳು, ಮತ್ತೆ ತಿರುಗಿದರು. ಮೂರನೆಯ ಸಲ ತಾವೇ ತುಳಿದು ಅವಳನ್ನು ತಿರುಗಿಸಿ, ಮಕ್ಕಳ ಹಾಗೆ ನಕ್ಕರು. ಆಮೇಲೆ ಹತ್ತಿ ತೆಗೆದು ಶೆಡ್ಡಿನ ಉದ್ದಗಲ ನೋಡಿ ನಿಟ್ಟುಸಿರು ಬಿಟ್ಟರು.

"ಒಪ್ಪಿದೆ ಕಣಮ್ಮ. ಆದ್ರೆ ಇಷ್ಟು ಜಾಗಕ್ಕೆ ಹಲಗೆ ಹಾಸೋಕೆ ನಾನೇನು ಅರಮನೆ ಕಟ್ಟಿಸ್ತಿದ್ದೀನಾ?"

ಆ ಮಾತನ್ನು ಸನ್ನೆಯಲ್ಲಿ ಅವಳಿಗೆ ದಾಟಿಸಬೇಕಾದವನು ನಾನು. ದಾಟಿಸಿದೆ. ಅವಳು ತಲೆಯಾಡಿಸಿ, ಹಲಗೆಯನ್ನು ಎತ್ತಿ ಮತ್ತೆ ಗೋಡೆಗೆ ಒರಗಿಸಿದಳು. ನನ್ನ ಕಡೆ ನೋಡಲಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಎತ್ತರಕ್ಕೆ ಏನು ಪೇರಿಸಿದೆ ಎಂದು ಅವಳಿಗೆ ಗೊತ್ತಿಲ್ಲವೇ? ಬುದ್ಧಿ ಬಂದಾಗಿನಿಂದ ಗೊತ್ತು. ನೋಡಿದ್ದರೆ ಕೇಳಿದ ಹಾಗಾಗುತ್ತಿತ್ತು, ಅದಕ್ಕೇ ನೋಡಲಿಲ್ಲ.

ಕಂಪನಿ ಮುಚ್ಚಿದಾಗ ಪರದೆಗಳನ್ನು ಒಬ್ಬರು ಒಯ್ದರು, ಕಿರೀಟಗಳನ್ನು ಒಬ್ಬರು. ನಾನು ರಂಗದ ಹಲಗೆಗಳನ್ನು ಗಾಡಿಗೆ ಹೇರಿಕೊಂಡು ಬಂದೆ. "ಈ ಹೆಣಗಳನ್ನ ಯಾವಾಗ ಸಾಗಿಸ್ತೀರಿ" ಎಂದು ನೀನು ಪ್ರತಿ ವರ್ಷ ಕೇಳಿದೆ. ಇನ್ನೊಂದು ನಾಟಕ ಆಡುತ್ತೇನೆ, ಆಮೇಲೆ ಎಂದು ಪ್ರತಿ ವರ್ಷ ಹೇಳಿದೆ. ಆಡುವವರು ಯಾರು, ನೋಡುವವರು ಯಾರು ಎಂದು ನೀನು ಕೇಳಲಿಲ್ಲ, ಅದು ನಿನ್ನ ದೊಡ್ಡತನ. ಅಂದು ಶೆಡ್ಡಿನಿಂದ ಅಪ್ಪ ಮಗಳು ನಡೆದೇ ಮನೆಗೆ ಬಂದೆವು. ಬಂದವನೇ ಹಿಂದಿನ ಕೋಣೆಯ ಬಾಗಿಲು ತೆರೆದೆ, ಮೇಲಿನ ಹಲಗೆಯ ಧೂಳನ್ನು ನನ್ನ ಅಂಗಿಯಿಂದಲೇ ಒರೆಸಿದೆ, ಅವಳನ್ನು ಕರೆದು, ಅಳತೆ ತಗೋ ಎಂದೆ. ಅವಳು ನನ್ನ ಮುಖ ನೋಡಿದಳು. ನಾನು ಏನೋ ಅದ್ಭುತವಾದ ಮಾತು ಆಡಬೇಕೆಂದಿದ್ದೆ, ಬಾಯಿಗೆ ಬರಲಿಲ್ಲ. ನಂಬುತ್ತೀಯಾ, ನನ್ನ ಬಾಯಿಗೆ.

ಶೆಡ್ಡಿನಲ್ಲಿ ಹಲಗೆಯ ನೆಲ ಹಾಸಲು ಇಡೀ ಮಹಡಿ ಬಂದಿತ್ತು. ಉಳಿ ಟೀಚರ್ ಮುಂದೆ ನಿಂತು ಹಲಗೆಯ ಕೆಳಗೆ ಅಡ್ಡಪಟ್ಟಿ ಕೊಡಿಸಿದಳು, ಸಿಮೆಂಟಿಗೆ ತಾಗದೆ ಒಂದಿಷ್ಟು ಪೊಳ್ಳು ಉಳಿದರೆ ಸುದ್ದಿ ಬೇಗ ಓಡುತ್ತದಂತೆ. ಹಳೆಯ ಮೊಳೆ ಕಿತ್ತರು, ಸೊಟ್ಟಗಾದ ಕಡೆ ಕೀಸಿದರು. ನಾನು ರಾಜನಾಗಿ ನಿಲ್ಲುತ್ತಿದ್ದ ಜಾಗಕ್ಕೆ ನೀನೇ ಬಿಳಿ ಬಣ್ಣದಲ್ಲಿ ಒಂದು ಗುರುತು ಹಾಕಿದ್ದೆಯಲ್ಲ, ಕುಣಿಯುವ ಉತ್ಸಾಹದಲ್ಲಿ ದೀಪದ ಬೆಳಕು ಬಿಟ್ಟು ಆಚೆ ಹೋಗುತ್ತೇನೆಂದು? ಅದನ್ನು ಮೆಣಸಿ ಕೀಸಲು ಬಿಡಲಿಲ್ಲ. ಅದು ಈಗ ಕಡೆಯುವ ಯಂತ್ರದ ಮುಂದಿದೆ. ಬಿದಿರಮ್ಮ ಅದರ ಮೇಲೆ ನಿಲ್ಲುತ್ತಾಳೆ.

ಎಲ್ಲ ಮುಗಿದ ಮೇಲೆ ನಾನು ತಡೆಯಲಾರದೆ ಆ ಗುರುತಿನ ಮೇಲೆ ಹೋಗಿ ನಿಂತೆ. ಕೊನೆಯ ಅಂಕದ ರಾಜನ ಮಾತನ್ನು ಒಮ್ಮೆ ಆಡಿದೆ, ಪೂರ್ತಿ ಗಂಟಲಿನಲ್ಲಿ, ಕಾಲು ಅಪ್ಪಳಿಸುವ ಕಡೆ ಅಪ್ಪಳಿಸುತ್ತಾ. ಕೇಳದವರ ಮುಂದೆ ಮಾತೇ ಎಂದು ನಗಬೇಡ. ಬರಿಗಾಲಲ್ಲಿ ನಿಂತಿದ್ದರು ಅವರೆಲ್ಲ. ಮಾತು ಮುಗಿದು ನಾನು ತಲೆ ಬಾಗಿದೆ. ಆಮೇಲೆ ಉಳಿ ಟೀಚರ್ ಒಮ್ಮೆ ನೆಲ ತುಳಿದಳು. ಬಿದಿರಮ್ಮ ತುಳಿದಳು. ಆಮೇಲೆ ಎಲ್ಲರೂ. ಚಪ್ಪಾಳೆಯನ್ನು ನಾನು ಬಹಳ ಉಂಡಿದ್ದೇನೆ, ಅದು ಕಿವಿಗೆ ಬಂದು ಹೋಗುತ್ತದೆ. ಇದು ಅಂಗಾಲಿನಿಂದ ಏರಿ ಎದೆಗೆ ಬಂದು ಕುಳಿತಿತು, ಇನ್ನೂ ಎದ್ದಿಲ್ಲ. ಇನ್ನೊಂದು ನಾಟಕ ಆಡುತ್ತೇನೆ ಎಂದಿದ್ದೆನಲ್ಲ, ಆಡಿದೆ. ಯಜಮಾನರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಮರದ ಪುಡಿ ಎಂದರು.

ಇಬ್ಬರಿಗೂ ಸೋಮವಾರದಿಂದ ಕೆಲಸ ಖಾಯಂ. ಮುಂದಿನ ತರಗತಿಯಿಂದ ಇನ್ನಿಬ್ಬರು. ಹಾಗಾಗಿ, ಮಹಾರಾಣಿ, ಮೆಣಸಿಯನ್ನು ನಾನು ಕಳಿಸುವುದಿಲ್ಲ. ಬೇಕಾದರೆ ನನ್ನನ್ನು ಕರೆಸಿಕೋ, ಬಟ್ಟೆ ಒಗೆಯುತ್ತೇನೆ, ಪಿಸುಗುಟ್ಟಲು ಅಭ್ಯಾಸ ಮಾಡುತ್ತೇನೆ. ನಿನ್ನ ನಿದ್ದೆಯ ಚಿಂತೆಗೆ ನೆಲವೇ ಉತ್ತರ ಕೊಟ್ಟಿದೆ. ಹಿಂದಿನ ಕೋಣೆ ಖಾಲಿಯಾಗಿದೆ. ಮೇಜು ಹಾಕಿಕೊಂಡು ಕೂತಿದ್ದೇನೆ, ಗೋಡೆಗಳು ನಾನು ಕೆಮ್ಮಿದರೂ ತಿರುಗಿ ಉತ್ತರ ಕೊಡುತ್ತಿವೆ. ಅಷ್ಟು ವರ್ಷ ಜಗಳ ಕಾದು ಗೆದ್ದದ್ದನ್ನು ನೋಡಲು ನೀನೇ ಇಲ್ಲ.

ದೊಡ್ಡವಳ ತಲೆ ಸವರಿದೆನೆಂದು ಹೇಳು. ಅಳಿಯನಿಗೆ ನನ್ನ ನೆನಪು ತಿಳಿಸು. ಪುಟ್ಟ ಮೊಮ್ಮಗಳು ನೂರು ವರ್ಷ ಬಾಳಲಿ, ಅಜ್ಜನಿಗಿಂತ ಕಡಿಮೆ ಮಾತಾಡಿ ಅಜ್ಜಿಗಿಂತ ಹೆಚ್ಚು ನಗಲಿ. ಕಾಲಿಗೆ ಎಣ್ಣೆ.

ಎಂದೆಂದೂ ನಿನ್ನ ಎದುರು ಪಾತ್ರದ,
ದೊಡ್ಡ ಬಾಯಿಯವನು

ಮರೆತ ಮಾತು. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ, ಈಗ ಅಂಚೆಯವನು ಬರುವ ಹೊತ್ತಾಯಿತು. ಮೊನ್ನೆ ನೀನು ಅಂಗಡಿಗೆ ಹೋಗಿದ್ದಾಗ ದೊಡ್ಡವಳು ಫೋನ್ ಮಾಡಿದ್ದಳು. ನಾನು ಎಷ್ಟು ಕೂಗಿ ಮಾತಾಡಿದರೂ ಮಗು ಏಳುವುದಿಲ್ಲವಂತೆ. ನೀನು ಮಗುವಿನ ತಲೆಯ ಹಿಂದೆ ತಟ್ಟೆ ಬಡಿದು ನೋಡಿದೆಯಂತೆ, ತಿರುಗಲಿಲ್ಲವಂತೆ; ವೈದ್ಯರು ಇನ್ನೊಮ್ಮೆ ನೋಡಿ ಹೇಳುತ್ತೇವೆ ಎಂದಿದ್ದಾರಂತೆ. "ಮಗು ಏಳುತ್ತೆ" ಎಂದು ಇಷ್ಟು ದಿನ ನನ್ನನ್ನು ನಂಬಿಸಿದೆಯಲ್ಲ, ಅಪ್ಪಟ ನಟಿ ನೀನು. ಬೈಯುತ್ತಿಲ್ಲ. ಒಬ್ಬಳೇ ಹೊತ್ತುಕೊಂಡು ಕೂತಿದ್ದೀಯಲ್ಲ ಎಂದು ಸಂಕಟ. ಮೆಣಸಿಗೆ ಹೇಳಿದೆ. ಅವಳು ಅಳಲಿಲ್ಲ. "ಅಲ್ಲಿ ನೆಲ ಯಾವುದು?" ಎಂದಷ್ಟೇ ಕೇಳಿದಳು. ಕಲ್ಲು ಎಂದೆ. ನಿನ್ನೆಯಿಂದ ಅಂಗಳದಲ್ಲಿ ಕೊಯ್ಯುತ್ತಿರುವುದು ಅದಕ್ಕೇ. ರಂಗದ ಹಲಗೆಗಳಲ್ಲಿ ಕೆಲವನ್ನು ಯಜಮಾನರಿಗೆ ಕೊಡದೆ ಎತ್ತಿಟ್ಟಿದ್ದಳು, ಅವಳ ತೊಟ್ಟಿಲಿದ್ದ ಜಾಗದವು. ಜೋಡಿಸಿ, ಮುಳ್ಳು ಏಳದಂತೆ ಉಜ್ಜಿ, ಕೆಳಗೆ ಪಟ್ಟಿ ಹೊಡೆಯುತ್ತಿದ್ದಾಳೆ. ನಾಳೆಯ ಸಾಮಾನು ಲಾರಿಗೆ ಹಾಕುತ್ತೇನೆ. ಒಂದು ತುದಿಯಲ್ಲಿ ತೊಟ್ಟಿಲು ಇಡಬೇಕಂತೆ. ಇನ್ನೊಂದು ತುದಿಯಿಂದ ನೀನು ಚಪ್ಪಲಿ ಬಿಟ್ಟು, ನಿನ್ನ ಎಂದಿನ ನಡಿಗೆಯಲ್ಲೇ ಬರಬೇಕಂತೆ. ಮಗು ತಿರುಗಿ ನೋಡುತ್ತದೆ, ಆಗ ಅಮ್ಮ ಅಳುತ್ತಿರಬಾರದು ಎಂದು ಬರೆ ಅಂದಳು. ಬರೆದಿದ್ದೇನೆ.